ಆ ಅವ್ವ ಯಾಕ ಕೈ ಮುಚ್ಕೊಂಡ್ಳು

ಮೊನ್ನೆ ಮಂಗಳವಾರದ ಮಾತು, ಇನ್ನೂ ತಲಿಯಾಗಿಂದ ಹೋಗವಲ್ದು. ರಾಯಚೂರು ಕೋರ್ಟ್ ವರಾಂಡಾದಾಗ ಬೆಂಚ್ ಮ್ಯಾಲ ಕುಂತು ನಮ್ಮ ಕಕ್ಷಿದಾರಳ ಸಾಕ್ಷಿ ಬರದ ಪ್ರಮಾಣಪತ್ರಕ್ಕ, ಅಂದ್ರ ಚೀಫ್ ಅಫಿಡವಿಟ್‌ಗೆ ಹೆಬ್ಬೆಟ್ಟು ಹಾಕಿಸ್ಲಿಕತ್ತಿದ್ದೆ. ಮಾನ್ವಿ ಕಡಿ ಹಳ್ಳಿ ಅವ್ವ, ಎಪ್ಪತ್ತು ದಾಟ್ಯಾವ, ವಾಟ್ನಿ ದಾವಾ, ಅಂದ್ರ ತವರಿನ ಆಸ್ತಿಯಾಗ ಪಾಲು ಕೇಳೋ ಕೇಸು. 2005ರಾಗ ಕಾಯ್ದೆ ತಿದ್ದುಪಡಿ ಆಗಿ ಹೆಣ್ಮಕ್ಕಳಿಗೂ ಸಮಪಾಲು ಅಂತ ಬಂದದ, ಆದ್ರ ಅಣ್ಣನ ಮಕ್ಕಳು ಒಂದು ಗುಂಟೆ ಬಿಡಂಗಿಲ್ಲ ಅಂತಾರ.

ಬಿಸಿಲು ಗೊತ್ತಲ್ಲ ನಮ್ಮ ಊರಿಂದು, ಕೋಟ್ ಹಾಕಿರಲಿಲ್ಲ. ನನ್ನ ಬಲಗೈ ಒಳಭಾಗದಾಗ ಮಣಿಕಟ್ಟಿಂದ ಮ್ಯಾಲಕ ಒಂದು ಜ್ವಾಳದ ತೆನಿ ಟ್ಯಾಟೂ ಅದ. ನಮ್ಮಪ್ಪ ಒಣಬೇಸಾಯದಾಗ ಜ್ವಾಳ ಬೆಳದು ನನಗ ಲಾ ಓದಿಸ್ಯಾನ, ಅದಕ್ಕ ಹಾಕಿಸ್ಕೊಂಡದ್ದು. ಅವ್ವನ ಹೆಬ್ಬೆಟ್ಟು ಹಿಡದು ಇಂಕ್ ಪ್ಯಾಡ್‌ಗೆ ಒತ್ತುವಾಗ ಆಕಿ ಮುಂಗೈ ಮ್ಯಾಲ ಹಸಿರು ಹಚ್ಚಿ ಕಂಡ್ವು, ಒಂದು ಚೇಳು, ಸುತ್ತ ಹಣಚಿಬೊಟ್ಟು ಅಂದ್ರ ಚುಚ್ಚಿ ಹಾಕಿದ ಹಚ್ಚಿ ಚುಕ್ಕಿ, ಚರ್ಮ ಸುಕ್ಕಾಗಿ ಚೇಳಿನ ಕೊಂಡಿ ಅರ್ಧ ಅಳಿಸಿದಂಗ. ಆಕಿ ನನ್ನ ಕೈ ನೋಡಿ, "ಯವ್ವಾ, ತೆನಿ ಚಂದ ಹಾಕ್ಯಾರ, ಎಷ್ಟು ಕೊಟ್ಟಿ? ನಾವು ಸೇರು ಜ್ವಾಳ ಕೊಟ್ಟು ಹಾಕಿಸ್ಕೊಂಡಿದ್ವಿ" ಅಂದ್ಳು, ಬಾಯಿ ತುಂಬ ನಕ್ಕೋತ.

ಅಷ್ಟರಾಗ ಒಬ್ಬ ಹಿರಿಯ ವಕೀಲರು ಹಾದು ಹೋಗೋರು ನಿಂತು, "ಕೈ ಮುಚ್ಕೋ ತಂಗಿ, ಇದು ಕೋರ್ಟು. ಸಾಹೇಬ್ರು ನೋಡಿದ್ರ ಏನ್ ತಿಳ್ಕೊಂಡಾರು?" ಅಂದ್ರು. ಸಾಹೇಬ್ರು ಅಂದ್ರ ಜಡ್ಜ್.

ಅಂದದ್ದು ನನಗ. ಆದ್ರ ಆ ಅವ್ವ ಗಪ್ಪನ ಸೆರಗು ಎಳಕೊಂಡು ತನ್ನ ಎರಡೂ ಕೈ ಒಳಗ ಇಟ್ಕೊಂಡ್ಳು. ಹೆಬ್ಬೆಟ್ಟಿನ ಇಂಕ್ ಸೆರಗಿಗೆ ಹತ್ತಿತು, ಅದೂ ಆಕಿಗೆ ಲಕ್ಷ್ಯ ಇಲ್ಲ.

ನಾನು, "ಸರ್, ರೂಲ್‌ನಾಗ ಎಲ್ಲಿ ಅದರಿ?" ಅಂದೆ. "ಎಲ್ಲಾ ರೂಲ್‌ನಾಗ ಬರದಿರಂಗಿಲ್ಲಮ್ಮ" ಅಂದು ಹೋದ್ರು. ಅವರು ಕೆಟ್ಟ ಮನುಷ್ಯ ಅಲ್ಲ, ಜೂನಿಯರ್‌ಗಳಿಗೆ ಪುಸ್ತಕ ಕೊಡ್ತಾರ, ಐಎ (ಕೇಸಿನ ನಡುವ ಹಾಕೋ ಅರ್ಜಿ) ಹೆಂಗ ವಾದ ಮಾಡ್ಬೇಕು ಅಂತ ನಾನೂ ಅವರನ್ನ ನೋಡೇ ಕಲ್ತೀನಿ. ಆದ್ರ ನಮ್ಮ ವಕೀಲರ ಬಾರ್‌ನಾಗ ಒಬ್ಬ ಹುಡುಗ ಮುಂಗೈ ಮ್ಯಾಲ ಅಪ್ಪು ಸರ್ ಮುಖ ಹಾಕಿಸ್ಕೊಂಡಾನ, ಅವನ ಕೈ ಹಿಡದು ತಿರುಗಿಸಿ ನೋಡಿ "ಭಾಳ ಅಭಿಮಾನಪಾ" ಅಂದವರೂ ಇವರೇ. ಇದು ನನಗ ಸರಿ ಅನ್ನಿಸಂಗಿಲ್ಲ, ಸರಿ ಅಂತ ನಾನು ಒಪ್ಪಂಗೂ ಇಲ್ಲ.

ರೂಲ್ ಅಂದ್ರ 1961ರ ವಕೀಲರ ಕಾಯ್ದೆ ಕಲಂ 49ರ ಕೆಳಗ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮಾಡಿದ್ದು. ಕೊರಳಿಗೆ ಬಿಳಿ ಬ್ಯಾಂಡ್, ಕರಿ ಕೋಟ್, ಸೀರಿ ಆದ್ರ ಬಿಳಿ ಕರಿ ಇಲ್ಲಾ ತಿಳಿ ಬಣ್ಣ, ಪ್ರಿಂಟ್ ಇರಬಾರ್ದು, ಗೌನ್ ಸುಪ್ರೀಂ ಕೋರ್ಟ್ ಹೈಕೋರ್ಟ್‌ನಾಗ ಮಾತ್ರ ಕಡ್ಡಾಯ, ಬ್ಯಾಸಿಗ್ಯಾಗ ಕೆಳಗಿನ ಕೋರ್ಟ್‌ನಾಗ ಕೋಟ್ ಇಲ್ದಿದ್ರೂ ನಡಿತದ. ಎಲ್ಲಾ ಬಟ್ಟಿ ಮಾತು, ಚರ್ಮದ ಬಗ್ಗೆ ಒಂದಕ್ಷರ ಇಲ್ಲ. ಬರೀದೇ ಇರೋ ಸಂಪ್ರದಾಯ ಅಂತ ಒಂದದ, ಅದನ್ನೂ ಒಪ್ತೀನಿ. ಆದ್ರ ಯಾರ ಸಂಪ್ರದಾಯ? ಕೋಟು ಬ್ಯಾಂಡು ಇಂಗ್ಲಿಷರ ಕಾಲಕ್ಕ ಬಂದದ್ದು, ಹಣಚಿಬೊಟ್ಟು ಈ ನೆಲದಾಗ ಅದಕ್ಕಿಂತ ಮೊದಲಿಂದ ಅದ. ಅವ್ವನ ಕೈಮ್ಯಾಲ ಇದ್ರ ಹಳ್ಳಿ ಅಂತಾರ, ನನ್ನ ಕೈಮ್ಯಾಲ ಇದ್ರ ಶೋಕಿ ಅಂತಾರ, ಒಟ್ಟು ಇಬ್ಬರೂ ಮುಚ್ಕೋಬೇಕು.

ಅದೇ ಕೋರ್ಟ್ ಫೈಲ್‌ನಾಗ ಹಚ್ಚಿಗೆ ಎಷ್ಟು ಬೆಲಿ ಅದ ನೋಡ್ರಿ. ಅಪಘಾತದಾಗ ಸತ್ತವರ ಇನ್‌ಕ್ವೆಸ್ಟ್ ಪಂಚನಾಮೆ, ಅಂದ್ರ ಪೊಲೀಸರು ಹೆಣ ನೋಡಿ ಬರಿಯೋ ವರದಿ, ತಗೀರಿ, ಮೊದಲು ಅದಕ್ಕ ಹಳೆ ಅಪರಾಧ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿ 174 ಇತ್ತು, 2024ರ ಜುಲೈ 1ರಿಂದ ಹೊಸ ಸಂಹಿತೆ ಬಿಎನ್‌ಎಸ್‌ಎಸ್ 194, ಚಹರೆ ಬರಿಯುವಾಗ "ಬಲಗೈ ಮುಂಗೈ ಮೇಲೆ ಹಚ್ಚೆ ಗುರುತು ಇರುತ್ತದೆ" ಅಂತ ಬರೀತಾರ. ಮುಖ ಗುರುತು ಸಿಗದ ಹೆಣ ಆ ಒಂದು ಸಾಲಿನಿಂದ ಮನಿಯವರಿಗೆ ಸಿಗ್ತದ, ಮುಂದ ಪರಿಹಾರದ ಕ್ಲೇಮೂ ಅದರ ಮ್ಯಾಲೇ ನಿಲ್ತದ. ಯಾರು ಅನ್ನೋದಕ್ಕ ಸಾಕ್ಷಿ ಅದು, ಎಂಥವರು ಅನ್ನೋದಕ್ಕಲ್ಲ. ಇದನ್ನ ದಿನಾ ಓದೋ ನಾವೇ ಜೀವಂತ ಇರೋರ ಕೈ ನೋಡಿ ನಡತಿ ಲೆಕ್ಕ ಹಾಕ್ತೀವಿ.

ಸಾಹೇಬ್ರು ಏನ್ ತಿಳ್ಕೊಂಡಾರು. ಎರಡು ರಾತ್ರಿ ಇದೇ ಮಾತು. ಅವತ್ತು ಸಾಹೇಬ್ರು ನನ್ನ ಕೈ ನೋಡ್ಲೂ ಇಲ್ಲ, ಅಫಿಡವಿಟ್ ತಗೊಂಡು ಡೇಟ್ ಕೊಟ್ರು. ಆದ್ರ ಸಾಹೇಬ್ರು ಏನ್ ತಿಳ್ಕೊಂಡಾರು ಅನ್ನೋದು ಖರೇನೇ ಲೆಕ್ಕಕ್ಕ ಬರೋ ಜಾಗ ಒಂದದ, ಅದು ಸಾಕ್ಷಿ ಕಟಕಟೆ. ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದ್ರ ಸಿಪಿಸಿ, ಆರ್ಡರ್ 18 ರೂಲ್ 12ರ ಪ್ರಕಾರ ಸಾಕ್ಷಿ ಹೆಂಗ ನಿಂತ, ಹೆಂಗ ಉತ್ತರ ಕೊಟ್ಟ ಅಂತ ಜಡ್ಜ್ ಬರಕೋಬಹುದು. ಈ ಅವ್ವ ಸೆರಗಿನಾಗ ಕೈ ಅಡಗಿಸಿ, ತಲಿ ತಗ್ಗಿಸಿ ನಿಂತ್ರ ಖರೇ ಹೇಳಿದ್ರೂ ಏನೋ ಮುಚ್ಚಿಟ್ಟಂಗ ಕಾಣ್ತದ. ನನ್ನ ಮರ್ಯಾದಿ ಹೋಗ್ಲಿ, ಆಕಿ ಹೊಲದ ಪ್ರಶ್ನೆ ಇದು.

ಕ್ರಾಸ್‌ಗೆ (ಎದುರಿನ ವಕೀಲರ ಪಾಟಿ ಸವಾಲಿಗೆ) ಮುಂದಿನ ತಿಂಗಳು ಡೇಟ್ ಬಿದ್ದದ. ಮದುವಿಯಾಗ ಬಂಗಾರ ತಗೊಂಡು ಪಾಲು ಬಿಟ್ಟುಕೊಟ್ಟಿ ಅಂತ ಎದುರಿನವರು ಸಜೆಷನ್, ಅಂದ್ರ ಹೌದೋ ಅಲ್ಲೋ ಅನ್ನಿಸೋ ಪ್ರಶ್ನೆ, ಹಾಕೇ ಹಾಕ್ತಾರ. ಈ ಭಾನುವಾರ ಆಕಿ ಊರಿಗೇ ಹೋಗಿ ಕುಂತು ತಯಾರು ಮಾಡ್ಬೇಕು, ಕೈ ಹೊರಗಿಟ್ಟು ನಿಲ್ಲವ್ವ ಅಂತಾನೂ ಹೇಳ್ಬೇಕು.