ಕೆಂಟಕಿಯ ಕ್ರಿಯೇಷನ್ ಮ್ಯೂಸಿಯಂ: ಹೋಗುವ ಮುಂಚೆ ತಿಳಿದಿರಲಿ

ಅಮೆರಿಕದ ಸಿನ್ಸಿನಾಟಿ ಕಡೆ ಮಕ್ಕಳ ಮನೆಗೋ ನೆಂಟರ ಮನೆಗೋ ಹೋಗುವವರು ನೋಡಬಹುದಾದ ಜಾಗ ಇದು. ಓಹಾಯೋ ನದಿ ದಾಟಿ ಅರ್ಧ ಗಂಟೆ ಕಾರು ಓಡಿಸಿದರೆ ಕೆಂಟಕಿಯ ಪೀಟರ್ಸ್‌ಬರ್ಗ್. ಅಲ್ಲೇ ಕ್ರಿಯೇಷನ್ ಮ್ಯೂಸಿಯಂ ಇದೆ. ಬೈಬಲ್ಲಿನ ಸೃಷ್ಟಿಕಥೆ ಅಕ್ಷರಶಃ ನಿಜ, ಭೂಮಿಗೆ ಸುಮಾರು 6,000 ವರ್ಷ ವಯಸ್ಸು, ದೇವರು ಆರೇ ದಿನದಲ್ಲಿ ಎಲ್ಲವನ್ನೂ ಸೃಷ್ಟಿಸಿದ, ಡೈನೋಸಾರ್‌ಗಳೂ ಮನುಷ್ಯರೂ ಒಂದೇ ಕಾಲದಲ್ಲಿ ಇದ್ದರು ಅಂತ ಹೇಳಲೆಂದೇ ಕಟ್ಟಿದ್ದು. 2007ರಲ್ಲಿ ಬಾಗಿಲು ತೆರೆಯಿತು. ಸುಮಾರು 2.7 ಕೋಟಿ ಡಾಲರ್ ಖರ್ಚಾಗಿದೆ. ಕಟ್ಟಿಸಿದ್ದು 'ಆನ್ಸರ್ಸ್ ಇನ್ ಜೆನೆಸಿಸ್' ಎಂಬ ಸಂಸ್ಥೆ. ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಕೆನ್ ಹ್ಯಾಮ್ ಆಸ್ಟ್ರೇಲಿಯಾದವರು, ಹಿಂದೆ ವಿಜ್ಞಾನದ ಮೇಷ್ಟ್ರಾಗಿದ್ದವರು.

ಸುಮ್ನೆ ನಕ್ಕು ಬರೋಣ ಅಂತ ಹೊರಡುವವರು ಹೋಗಬೇಡಿ. ಟಿಕೆಟ್ ಅಗ್ಗ ಅಲ್ಲ, ದುಡ್ಡು ದಂಡ. ಒಬ್ಬ ನಂಬಿಕಸ್ಥ ವಿಜ್ಞಾನದ ಜೊತೆ ಹೇಗೆ ಜಗಳ ಆಡುತ್ತಾನೆ, ಎಲ್ಲಿ ರಾಜಿ ಆಗುತ್ತಾನೆ ಅಂತ ನೋಡುವ ಕುತೂಹಲ ಇದ್ದರೆ ಮಾತ್ರ ಅರ್ಧ ದಿನ ಎತ್ತಿಡಿ. ಬಸ್ಸು, ರೈಲು ಏನೂ ಇಲ್ಲ, ಕಾರು ಬೇಕೇ ಬೇಕು. ಸಿನ್ಸಿನಾಟಿಯ ವಿಮಾನ ನಿಲ್ದಾಣ ಇರುವುದೂ ಕೆಂಟಕಿಯಲ್ಲೇ, ಮ್ಯೂಸಿಯಂಗೆ ಹತ್ತಿರ. ಹಾಗಾಗಿ ಬಂದಿಳಿದ ದಿನ ಅಥವಾ ವಾಪಸ್ ಹೊರಡುವ ದಿನ ಇಟ್ಟುಕೊಂಡರೆ ಅನುಕೂಲ.

ಒಳಗೆ ಹೋದವರೆಲ್ಲ ಡೈನೋಸಾರ್ ಗೊಂಬೆಗಳ ಮುಂದೆ ಸೆಲ್ಫಿಗೆ ನಿಲ್ಲುತ್ತಾರೆ. ಕತ್ತು ಆಡಿಸುತ್ತವೆ, ಗುರುಗುಟ್ಟುತ್ತವೆ, ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಇಡೀ ಮ್ಯೂಸಿಯಂನ ಕೀಲಿ ಇರುವುದು ಇಬ್ಬರು ಪಳೆಯುಳಿಕೆ ತಜ್ಞರ ಬೊಂಬೆಗಳಲ್ಲಿ. ಇಬ್ಬರೂ ಒಂದೇ ಮೂಳೆಯನ್ನು ಅಗೆದು ತೆಗೆಯುತ್ತಿದ್ದಾರೆ. ಒಬ್ಬನ ಲೆಕ್ಕದಲ್ಲಿ ಅದು ಕೋಟಿಗಟ್ಟಲೆ ವರ್ಷ ಹಳೆಯದು, ಇನ್ನೊಬ್ಬನಿಗೆ ಬೈಬಲ್ಲಿನ ನೋಹ ಪ್ರಾಣಿಗಳನ್ನೆಲ್ಲ ಹಡಗು ಹತ್ತಿಸಿ ಉಳಿಸಿದ ಪ್ರಳಯದಲ್ಲಿ ಹೂತುಹೋದದ್ದು. ಮೂಳೆ ಒಂದೇ, ಯೋಚನೆ ಹೊರಡುವ ಜಾಗ ಬೇರೆ ಅನ್ನುವುದು ಮ್ಯೂಸಿಯಂನವರ ವಾದ. ಕೇಳಲು ಸಮ ಅನ್ನಿಸುತ್ತದೆ, ಅಲ್ವಾ? ಆದರೆ ಒಬ್ಬ ಮೂಳೆ ನೋಡಿ ಉತ್ತರ ಬದಲಿಸಲು ತಯಾರಿದ್ದಾನೆ, ಇನ್ನೊಬ್ಬನ ಉತ್ತರ ಅಗೆಯುವ ಮುಂಚೆಯೇ ಗಟ್ಟಿಯಾಗಿದೆ. ಈ ವ್ಯತ್ಯಾಸ ಬೋರ್ಡಿನಲ್ಲಿಲ್ಲ. ಅದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಹೋಗಿ.

ನನಗೆ ನಿಜಕ್ಕೂ ಅಚ್ಚರಿಯಾದದ್ದು ನೈಸರ್ಗಿಕ ಆಯ್ಕೆಯ ವಿಷಯ, ಅಂದರೆ ಪರಿಸರಕ್ಕೆ ಹೊಂದಿಕೊಂಡ ಜೀವಿಗಳೇ ಹೆಚ್ಚು ಉಳಿದು ಸಂತತಿ ಬೆಳೆಸುತ್ತವೆ ಅನ್ನುವುದು. ಡಾರ್ವಿನ್‌ನ ಆ ಮಾತನ್ನು ಇವರು ತಳ್ಳಿಹಾಕುವುದಿಲ್ಲ! ತೋಳ, ನರಿ, ಮನೆನಾಯಿ ಎಲ್ಲವೂ ಒಂದೇ 'ಬಗೆ'ಯಿಂದ ಕವಲೊಡೆದವು ಅನ್ನುತ್ತಾರೆ. ಒಂದು ಬಗೆ ಇನ್ನೊಂದಾಗುವುದಿಲ್ಲ ಅನ್ನುವುದಷ್ಟೇ ಅವರ ಹಟ. ಹೀಗೆ ಒಪ್ಪದೆ ಅವರಿಗೆ ವಿಧಿಯಿಲ್ಲ. ಇಲ್ಲದಿದ್ದರೆ ನೋಹನ ಹಡಗಿನಲ್ಲಿ ಅಷ್ಟೂ ಪ್ರಾಣಿಗಳಿಗೆ ಜಾಗ ಸಾಲುವುದಿಲ್ಲ. ಆಗ ಪ್ರಳಯ ಆಗಿ ನಾಲ್ಕು ಸಾವಿರ ಚಿಲ್ಲರೆ ವರ್ಷದಲ್ಲಿ ಇಷ್ಟೊಂದು ಜಾತಿಗಳು ಹುಟ್ಟಬೇಕು. ಅಂದರೆ ಯಾವ ಜೀವವಿಜ್ಞಾನಿಯೂ ಹೇಳದಷ್ಟು ಜೋರಾದ ವಿಕಾಸ!

ಎಬೆನೀಜರ್ ಎಂದು ಹೆಸರಿಟ್ಟ ಅಲೋಸಾರಸ್ ಎಂಬ ಮಾಂಸಾಹಾರಿ ಡೈನೋಸಾರ್‌ನ ಅಸ್ಥಿಪಂಜರವನ್ನು ತಪ್ಪಿಸಬೇಡಿ. ತಲೆಬುರುಡೆ ಅಸಲಿ ಪಳೆಯುಳಿಕೆ, ಹಲ್ಲುಗಳು ಇನ್ನೂ ದವಡೆಯಲ್ಲೇ ಇವೆ. ಹತ್ತಿರ ನಿಂತು ನೋಡಿ, ಪಕ್ಕದ ಬರಹ ಆಮೇಲೆ ಓದಿದರಾಯಿತು.

ಪುಟ್ಟ ಮಕ್ಕಳಿದ್ದರೆ ಎಚ್ಚರ. ಬೈಬಲ್ಲಿನ ಮೊದಲ ಮನುಷ್ಯರಾದ ಆದಾಮ, ಹವ್ವರಿದ್ದ ಏದೆನ್ ತೋಟ ದಾಟಿದ ಮೇಲೆ ಪಾಪ ಮತ್ತು ಸಾವಿನ ಭಾಗ ಬರುತ್ತದೆ. ಅವರ ಮಗ ಕಾಯಿನನು ತನ್ನ ತಮ್ಮ ಆಬೇಲನನ್ನು ಕೊಂದ ದೃಶ್ಯವೂ ಉಂಟು. ಇನ್ನು, ಅಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಚರ್ಚಿನ ಗುಂಪುಗಳು, ಭಕ್ತಿಯಿಂದ ಬಂದ ಕುಟುಂಬಗಳು. ಕನ್ನಡ ಯಾರಿಗೆ ತಿಳಿಯುತ್ತೆ ಅಂತ ಜೋರಾಗಿ ಗೇಲಿ ಮಾಡಬೇಡಿ, ನಗು ಎಲ್ಲ ಭಾಷೆಯಲ್ಲೂ ತಿಳಿಯುತ್ತದೆ.

ನಮ್ಮವರು ಇನ್ನೊಂದು ಮಾತು ಎತ್ತುತ್ತಾರೆ. ಸಂಕಲ್ಪದಲ್ಲಿ 'ಶ್ವೇತವರಾಹ ಕಲ್ಪೇ' ಅನ್ನುತ್ತೇವಲ್ಲ, ಕಲ್ಪ ಅಂದರೆ 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ, ನೋಡಿ ನಮ್ಮದೇ ಸರಿ ಅಂತ. ಸಂಖ್ಯೆ ಹತ್ತಿರ ಬಂದ ಮಾತ್ರಕ್ಕೆ ಅಳೆದು ಹೇಳಿದ ಹಾಗಾಗುವುದಿಲ್ಲ. ಬೀಗುವುದು ಬೇಡ. ಹಾಗೆಯೇ ಕ್ರೈಸ್ತರೆಲ್ಲ ಹೀಗೇ ಅಂದುಕೊಳ್ಳುವುದೂ ತಪ್ಪು. ವಿಶ್ವ ಹುಟ್ಟಿದ್ದು ಮಹಾಸ್ಫೋಟದಿಂದ (ಬಿಗ್ ಬ್ಯಾಂಗ್) ಅನ್ನುವ ಯೋಚನೆಗೆ ಬುನಾದಿ ಹಾಕಿದ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ಜೀವವಿಕಾಸ ಬರೀ ಊಹೆಗಿಂತ ಹೆಚ್ಚಿನದು ಅಂತ ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ಹೇಳಿದ್ದಾರೆ.

ಊಟಕ್ಕೆ ಸಸ್ಯಾಹಾರಿಗಳು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಪುಳಿಯೋಗರೆ ಡಬ್ಬಿ ಕಾರಿನಲ್ಲಿರಲಿ.

ಇದೇ ಸಂಸ್ಥೆ ವಿಲಿಯಮ್ಸ್‌ಟೌನ್‌ನಲ್ಲಿ 510 ಅಡಿ ಉದ್ದದ ನೋಹನ ಹಡಗು ಕಟ್ಟಿದೆ, 2016ರಿಂದ ತೆರೆದಿದೆ. ಮುಕ್ಕಾಲು ಗಂಟೆ ದಾರಿ. ಮರಗೆಲಸ ಚೆನ್ನಾಗಿದೆ, ಆದರೆ ವಾದ ಅದೇ. ಎರಡಕ್ಕೂ ಸೇರಿ ಟಿಕೆಟ್ ಸಿಗುತ್ತದೆ, ಒಂದೇ ದಿನಕ್ಕೆ ಎರಡನ್ನೂ ತುರುಕಬೇಡಿ.

ನನ್ನ ಕೇಳಿದರೆ ಮಿಕ್ಕ ಅರ್ಧ ದಿನಕ್ಕೆ ಕೆಂಟಕಿಯಲ್ಲೇ ಇರುವ ಬಿಗ್ ಬೋನ್ ಲಿಕ್ ಪಾರ್ಕ್ ವಾಸಿ. ಉಪ್ಪುನೀರಿನ ಬುಗ್ಗೆ ನೆಕ್ಕಲು ಬಂದ ಮ್ಯಾಮತ್, ಮಾಸ್ಟೊಡಾನ್ ಎಂಬ, ಈಗ ಅಳಿದುಹೋದ ಆನೆಯಂಥ ಪ್ರಾಣಿಗಳು ಕೆಸರಿನಲ್ಲಿ ಸಿಕ್ಕಿ ಸತ್ತ ಜಾಗ. ಪ್ರಕೃತಿ ಯಾವ ಪ್ರಾಣಿಯ ಕುಲವನ್ನೂ ಪೂರ್ತಿ ಅಳಿಯಲು ಬಿಡುವುದಿಲ್ಲ ಅಂತ ಒಮ್ಮೆ ಬರೆದಿದ್ದ ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್, 1807ರಲ್ಲಿ ಅನ್ವೇಷಕ ವಿಲಿಯಂ ಕ್ಲಾರ್ಕ್‌ನನ್ನು ಇಲ್ಲಿಗೇ ಮೂಳೆ ಹೆಕ್ಕಲು ಕಳಿಸಿದರು. ಈಗ ಅಲ್ಲಿ ಅಮೆರಿಕದ ಕಾಡೆಮ್ಮೆಗಳ (ಬೈಸನ್) ಹಿಂಡೊಂದನ್ನು ಸಾಕಿದ್ದಾರೆ.

ಓಹಾಯೋ ಕಡೆ ಶಾರನ್‌ವಿಲ್‌ನಲ್ಲಿ ಟ್ರಾಮೆಲ್ ಪಳೆಯುಳಿಕೆ ಪಾರ್ಕ್ ಇದೆ. ದುಡ್ಡಿಲ್ಲ, ಸಿಕ್ಕಿದ್ದನ್ನು ಮನೆಗೂ ಒಯ್ಯಬಹುದು. ಗುಡ್ಡದ ಜೇಡಿ ಕೆದಕಿದರೆ ಉಗುರಿನಷ್ಟು ಚಿಪ್ಪುಗಳು ಸಿಗುತ್ತವೆ, ಬೀಸಣಿಗೆಯಂಥ ಗೀರು ಬೆರಳಿಗೆ ತಾಗುತ್ತದೆ. ಸುಮಾರು 45 ಕೋಟಿ ವರ್ಷದ ಹಿಂದಿನ ಸಮುದ್ರದ ಜೀವಿಗಳಿವು. ಮ್ಯೂಸಿಯಂ ನಿಂತಿರುವುದೂ ಅದೇ ಕಾಲದ ಸುಣ್ಣಕಲ್ಲಿನ ಮೇಲೆ. ಮಳೆ ಬಂದ ಮರುದಿನ ಹೋದರೆ ಚಿಪ್ಪು ಜಾಸ್ತಿ ಕಾಣುತ್ತವೆ, ಶೂ ಮಾತ್ರ ಹಳೆಯದಿರಲಿ. ನದಿ ದಾಟುವಾಗ ಸಂಜೆ ಆಫೀಸು ಬಿಡುವ ಹೊತ್ತಿಗೆ ಬ್ರೆಂಟ್ ಸ್ಪೆನ್ಸ್ ಸೇತುವೆ ಮೇಲೆ ಸಿಕ್ಕಿಕೊಳ್ಳಬೇಡಿ, ಸುತ್ತು ಹಾಕಿದರೂ ಊರು ಬಳಸಿ ಹೋಗುವ I-275 ಹೆದ್ದಾರಿಯೇ ವಾಸಿ.