ಮಳೆಗಾಲದ ಭದ್ರಾ ಹೊಳೆಯಲ್ಲಿ ರಾಫ್ಟಿಂಗ್: ಮಾಗುಂಡಿಗೆ ಹೊರಡುವ ಮುನ್ನ

ಗೆಳೆಯರನ್ನು ಕಟ್ಟಿಕೊಂಡು ಭದ್ರೆಯಲ್ಲಿ ರಾಫ್ಟಿಂಗ್ (ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಹೊಳೆ ಇಳಿಯುವುದು) ಮಾಡಬೇಕೆಂದರೆ ಮಳೆಗಾಲದಲ್ಲೇ ಬನ್ನಿ. ಬೇಸಿಗೆಯಲ್ಲಿ ಬಂಡೆಗಳು ಮೇಲೆದ್ದು ರಾಫ್ಟಿನ ತಳ ಉಜ್ಜುತ್ತದೆ. ಆರಿದ್ರಾ ಮಳೆ ಹಿಡಿದು ಹೊಳೆ ತುಂಬಿದ ಮೇಲೆ ಸೆಪ್ಟೆಂಬರ್‌ವರೆಗೂ ಹದವಾದ ದಿನಗಳು ಸಿಗುತ್ತವೆ. ನಡುವೆ ಪುಷ್ಯ, ಆಶ್ಲೇಷ ಮಳೆ ಜೋರಾದರೆ ಆ ವಾರ ಬಿಟ್ಟುಬಿಡಿ.

ರಾಫ್ಟಿಂಗ್ ನಡೆಯುವ ಮಾಗುಂಡಿ ಬಾಳೆಹೊನ್ನೂರಿನ ಹತ್ತಿರದ ಊರು, ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು ಮೇಲೆ ಬರಬಹುದು. ತಿರುವು ಜಾಸ್ತಿ, ಬೆಳಿಗ್ಗೆ ಮಂಜೂ ಇರುತ್ತದೆ, ಕತ್ತಲಲ್ಲಿ ಹೊರಡಬೇಡಿ.

ಮಾಗುಂಡಿಯಲ್ಲಿ ಬಿಸಿಲಿದೆ ಎಂದು ನಂಬಿಕೊಂಡು ನೀರಿಗಿಳಿಯುವಂತಿಲ್ಲ. ಭದ್ರೆ ಹುಟ್ಟುವುದು ಕುದುರೆಮುಖದ ಕಡೆಯ ಗಂಗಾಮೂಲದಲ್ಲಿ. ರಾತ್ರಿ ಕುದುರೆಮುಖ, ಕಳಸದಲ್ಲಿ ಸುರಿದ ಮಳೆ ಮರುದಿನ ಇಲ್ಲಿ ಕೆನ್ನೀರಾಗಿ ಬರುತ್ತದೆ. ಭದ್ರಾ ಅಣೆಕಟ್ಟು ಇರುವುದು ಕೆಳಗೆ ಲಕ್ಕವಳ್ಳಿಯಲ್ಲಿ, ಹಾಗಾಗಿ ಇಲ್ಲಿನ ನೀರಿನ ಮಟ್ಟವನ್ನು ಮಳೆಯೇ ತೀರ್ಮಾನಿಸುತ್ತದೆ. ಹೊರಡುವ ಮುನ್ನ ಕಳಸದಲ್ಲಿ ಗೊತ್ತಿರುವವರಿಗೆ ಒಂದು ಫೋನ್ ಮಾಡಿ. ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗಿದೆ ಎಂದರೆ ಮಾತೇ ಇಲ್ಲ, ಅವತ್ತು ಪ್ರವಾಸ ರದ್ದು. ಅಂಥ ದಿನವೂ ರಾಫ್ಟ್ ಇಳಿಸುತ್ತೇವೆ ಎನ್ನುವವರ ಜೊತೆ ಮುಂಗಡ ಹಣ ಹೋದರೂ ಹೋಗಬೇಡಿ.

ಜೀನ್ಸ್ ಬೇಡ, ನೆನೆದರೆ ಭಾರ, ಒಣಗುವುದೂ ಇಲ್ಲ. ಪಾಲಿಯೆಸ್ಟರ್ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಸಾಕು. ಕನ್ನಡಕಕ್ಕೆ ದಾರ ಕಟ್ಟಿ. ಉಂಗುರ, ಸರ ಮನೆಯಲ್ಲಿರಲಿ.

ಲೈಫ್ ಜಾಕೆಟ್ ವಿಷಯದಲ್ಲಿ ಸಂಕೋಚ ಬೇಡ. ಎಲ್ಲ ಬಕಲ್ ಹಾಕಿ ಪಟ್ಟಿ ಎಳೆದ ಮೇಲೆ ಜೊತೆಗಾರರಿಗೆ ಹೇಳಿ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿಸಿ. ಜಾಕೆಟ್ ಗಲ್ಲ ದಾಟಿ ಮೇಲೆ ಬಂದರೆ ಅದು ಸಡಿಲ. ನೀರಿನಲ್ಲಿ ಜಾಕೆಟ್ ತೇಲುತ್ತದೆ, ನೀವು ಒಳಗೆ ಜಾರುತ್ತೀರಿ. ಹೆಲ್ಮೆಟ್ ತಲೆ ಅಲ್ಲಾಡಿಸಿದರೂ ಕದಲಬಾರದು.

ರಾಫ್ಟಿನ ಅಂಚಿನ ಮೇಲೆ ಕೂತು ಪಾದವನ್ನು ಮುಂದಿನ ಅಡ್ಡ ಟ್ಯೂಬಿನ ಕೆಳಗೆ ಸಿಕ್ಕಿಸಿ. ಹಿಡಿತ ಸಿಗುವಷ್ಟು ಸಾಕು, ಹಿಮ್ಮಡಿಯವರೆಗೆ ತುರುಕಿದರೆ ಮಗುಚಿದಾಗ ಕಾಲು ಬಿಡಿಸಿಕೊಳ್ಳಲು ಆಗುವುದಿಲ್ಲ. ಪ್ಯಾಡಲ್‌ನ ಮೇಲ್ತುದಿಯ ಟಿ ಆಕಾರದ ಹಿಡಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಪಕ್ಕದವರ ಹಲ್ಲು, ಮೂಗು ಒಡೆಯುವುದು ಬಂಡೆಯಿಂದಲ್ಲ, ಆ ಹಿಡಿಯಿಂದ. ಮುಂದೆ ಕೂತ ಇಬ್ಬರ ಲಯಕ್ಕೆ ಉಳಿದವರು ಹುಟ್ಟು ಹಾಕಬೇಕು. ಒಳ್ಳೆಯ ಹೊಂದಾಣಿಕೆ ಇರುವ ಇಬ್ಬರನ್ನೇ ಮುಂದೆ ಕೂರಿಸಿ. ಗೈಡ್ 'ಫಾರ್ವರ್ಡ್' (ಮುಂದಕ್ಕೆ ಹುಟ್ಟು ಹಾಕಿ) ಎಂದಾಗ ಸೆಲ್ಫಿ ತೆಗೆಯುತ್ತಾ ಕೂತರೆ ರಾಫ್ಟ್ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ರಾಫ್ಟ್ ಅಲೆಗೆ ಸಿಕ್ಕಿ ಮಗುಚುತ್ತದೆ. ಬಂಡೆಗೆ ಒತ್ತಿಕೊಂಡು ನಿಂತರೆ ಎಲ್ಲರೂ ತಕ್ಷಣ ಬಂಡೆಯ ಕಡೆಗೇ ಸರಿಯಬೇಕು. ಹೆದರಿಕೆಯಲ್ಲಿ ಜನ ಅದರಿಂದ ದೂರ ವಾಲುತ್ತಾರೆ. ಆಗ ನೀರು ಬರುವ ಕಡೆಯ ಅಂಚು ತಗ್ಗಿ ನೀರು ಒಳನುಗ್ಗುತ್ತದೆ.

ನೀರಿಗೆ ಬಿದ್ದರೆ ಅಂಗಾತ ತೇಲಿ, ಕಾಲು ನೀರು ಹರಿದುಹೋಗುವ ಕಡೆಗೆ, ಕಾಲ್ಬೆರಳು ನೀರಿನ ಮೇಲೆ. ಮೊಣಕಾಲಿಗಿಂತ ಆಳವಿರುವ, ರಭಸದ ನೀರಿನಲ್ಲಿ ಎದ್ದು ನಿಲ್ಲಲೇಬೇಡಿ. ಎರಡು ಬಂಡೆಗಳ ಸಂದಿಗೆ ಪಾದ ಸಿಕ್ಕಿಕೊಂಡರೆ ಹರಿವು ದೇಹವನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ಈಜು ಬರುವವರೂ ಎದ್ದು ನಿಲ್ಲುವ ಈ ತಪ್ಪು ಮಾಡುತ್ತಾರೆ. ಇನ್ನೊಂದು ಅಪಾಯ ದಡದ ಪೊದೆಗಳು. ತುಂಬಿದ ಹೊಳೆ ಗಿಡಗಳ ನಡುವೆಯೇ ಹರಿಯುತ್ತದೆ. ಕೊಂಬೆ ಸಿಕ್ಕಿತಲ್ಲ ಎಂದು ಅತ್ತ ಹೋಗಬೇಡಿ, ನೀರು ಅದರೊಳಗೆ ಹಾದುಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಎಸೆದ ಹಗ್ಗವನ್ನು ಎದೆಯ ಹತ್ತಿರ ಹಿಡಿಯಿರಿ, ಕೈಗೆ ಸುತ್ತಿಕೊಳ್ಳಬೇಡಿ. ಬಿದ್ದವರನ್ನು ಒಳಗೆಳೆಯುವಾಗ ಕೈ ಹಿಡಿದು ಎಳೆದರೆ ಭುಜ ಕಳಚೀತು. ಜಾಕೆಟ್ಟಿನ ಭುಜಪಟ್ಟಿ ಹಿಡಿದು ಎಳೆಯಿರಿ.

ಕುಡಿದವರನ್ನು, ಅವರು ಎಷ್ಟೇ ಆಪ್ತರಾಗಿರಲಿ, ದಡದಲ್ಲೇ ಬಿಡಿ. ಹೊಟ್ಟೆ ಬಿರಿಯುವಷ್ಟು ತಿಂಡಿಯೂ ಬೇಡ. ಎರಡು ಕಡುಬು ತಿಂದು ಹೊರಟರೆ ಸರಿ.

ದಡ ಸೇರಿದ ಮೇಲೆ ಬಟ್ಟೆ ಬದಲಿಸುವಾಗ ಬೆರಳ ಸಂದಿ, ಸೊಂಟದ ಪಟ್ಟಿಯ ಕೆಳಗೆ ಇಂಬಳ (ಜಿಗಣೆ) ಹುಡುಕಿ. ಕಿತ್ತರೆ ರಕ್ತ ನಿಲ್ಲದು ಎಂದು ಗಾಬರಿ ಬೇಡ, ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ಗಾಯ ತೊಳೆದು ಬಟ್ಟೆಯಿಂದ ಒತ್ತಿ ಹಿಡಿಯಿರಿ. ಒಣ ಬಟ್ಟೆಯ ಚೀಲವನ್ನು ರಾಫ್ಟ್ ಇಳಿಯುವ ಜಾಗಕ್ಕೆ ಮೊದಲೇ ಕಳಿಸಿರಬೇಕು. ಏಕೆಂದರೆ ಹತ್ತಿದ ಜಾಗ ಬೇರೆ, ಇಳಿಯುವ ಜಾಗ ಬೇರೆ, ಕಾರಿನ ಕೀ ಯಾರ ಬಳಿ ಇರಬೇಕೆಂಬುದೂ ಬೆಳಿಗ್ಗೆಯೇ ತೀರ್ಮಾನವಾಗಲಿ.