ಫ್ರಿಸ್ಕೋ ಯಾವ ಕೌಂಟಿ?

ಮೊನ್ನೆ ಹೊಸದಾಗಿ ಸೇರಿದ ಹುಡುಗ ನನ್ನ ಡೆಸ್ಕಿಗೆ ಬಂದು, "ಮೇಡಂ, ಕ್ಲೈಂಟ್ ಡಿವೋರ್ಸ್ ಡಲ್ಲಾಸಲ್ಲಿ ಆಗಿದ್ದಂತೆ. ಕೋರ್ಟ್ ಆರ್ಡರ್ ಕಾಪಿ ಬೇಕು ಅಂತ ಡಲ್ಲಾಸ್ ಕೌಂಟಿಗೆ ರಿಕ್ವೆಸ್ಟ್ ಹಾಕ್ಲಾ?" ಅಂದ. ಕೌಂಟಿ ಅಂದ್ರೆ ಅಲ್ಲಿ ನಮ್ಮ ಜಿಲ್ಲೆ ಇದ್ದ ಹಾಗೆ. ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ತಡಿ ಮಾರಾಯ, ಕೂತ್ಕೋ, ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ನಾನು ಬೆಂಗಳೂರಲ್ಲಿ ಕೂತು ಅಮೆರಿಕದ ಇಮಿಗ್ರೇಷನ್ ಅಟಾರ್ನಿಗಳಿಗೆ ಫೈಲ್ ರೆಡಿ ಮಾಡಿಕೊಡುವವಳು. ಸಂಜೆ ಆರೂವರೆಗೆ ಲಾಗಿನ್, ಬೆಳಗಿನ ಜಾವ ಮೂರೂವರೆಗೆ ಕ್ಯಾಬ್. ಕೆಲವು ವರ್ಷದ ಹಿಂದೆ ನನ್ನ ಪಾಲಿಗೆ ಒಂದು ಐ-130 ಬಂತು, ಅಂದ್ರೆ ಹತ್ತಿರದ ಸಂಬಂಧಿಯನ್ನು ಅಮೆರಿಕಕ್ಕೆ ಕರೆಸಿಕೊಳ್ಳೋ ಅರ್ಜಿ. ದಾವಣಗೆರೆ ಕಡೆಯವರು, ಈಗ ಅಮೆರಿಕದ ಸಿಟಿಜನ್, ನ್ಯೂಜೆರ್ಸಿಯಲ್ಲಿ ವಾಸ. ಮೊದಲ ಮದುವೆ ಟೆಕ್ಸಸ್‌ನಲ್ಲಿದ್ದಾಗ ಮುರಿದಿತ್ತು. ಊರಿಗೆ ಬಂದು ಎರಡನೇ ಮದುವೆ ಆಗಿ, ಹೆಂಡತಿಯನ್ನು ಕರೆಸಿಕೊಳ್ಳೋಕೆ ಅರ್ಜಿ. ಮೊದಲ ಮದುವೆ ಕಾನೂನು ಪ್ರಕಾರ ಮುಗಿದಿದೆ ಅನ್ನೋದಕ್ಕೆ ಅವರು ಕಳಿಸಿದ್ದು ಟೆಕ್ಸಸ್ ಆರೋಗ್ಯ ಇಲಾಖೆಯ ವೆರಿಫಿಕೇಷನ್ ಲೆಟರ್. ಒಂದೇ ಹಾಳೆ. ನೋಡೋಕೆ ಗಂಭೀರವಾಗಿತ್ತು. ನಾನು ಟಿಕ್ ಹಾಕಿದೆ. ಫೈಲನ್ನು ಇನ್ನೊಮ್ಮೆ ಪರಿಶೀಲಿಸುವ ಕ್ಯೂಸಿಯವರೂ ಟಿಕ್ ಹಾಕಿದರು.

ಆರ್‌ಎಫ್‌ಇ ಬಂತು, ಅಂದ್ರೆ ಇನ್ನೂ ದಾಖಲೆ ಕೊಡಿ ಅಂತ ಇಮಿಗ್ರೇಷನ್ ಇಲಾಖೆಯ ನೋಟಿಸು. ಫೈನಲ್ ಡಿಕ್ರಿ, ಅಂದ್ರೆ ಡಿವೋರ್ಸ್ ಕೊಟ್ಟ ಕೋರ್ಟಿನ ಕೊನೇ ಆದೇಶ ಕೊಡಿ, 84 ದಿನ ಟೈಮು, ಅಂಚೆಗೆ ಅಂತ ಮೂರು ದಿನ ಜಾಸ್ತಿ.

ಬರಬೇಕಾದದ್ದೇ. ಟೆಕ್ಸಸ್ ರಾಜ್ಯದವರ ಹತ್ತಿರ ಇರೋದು 1968ರಿಂದ ಈಚಿನ ಡಿವೋರ್ಸ್‌ಗಳ ಇಂಡೆಕ್ಸ್ ಅಷ್ಟೇ. ಇಂಥವರ ಡಿವೋರ್ಸ್ ದಾಖಲೆ ಇದೆ ಅಂತ ಪತ್ರ ಕೊಡುತ್ತಾರೆ. ಜಡ್ಜ್ ಸಹಿ ಹಾಕಿದ ಡಿಕ್ರಿ ಅವರ ಹತ್ತಿರ ಇರಲ್ಲ, ಈ ಪತ್ರ ಅದರ ಜಾಗಕ್ಕೆ ನಡೆಯಲ್ಲ. ಡಿಕ್ರಿ ಇರೋದು ಕೇಸ್ ನಡೆದ ಕೋರ್ಟಿನ ಕ್ಲರ್ಕ್ ಹತ್ತಿರ. ಅಮೆರಿಕ ಅಂದ್ರೆ ಎಲ್ಲ ಒಂದೇ ಕಂಪ್ಯೂಟರಲ್ಲಿ ಸಿಗತ್ತೆ ಅಂತ ನಾನೂ ಅಂದುಕೊಂಡಿದ್ದೆ. ಡಿವೋರ್ಸ್‌ಗೆ ದೇಶಕ್ಕೆಲ್ಲ ಒಂದು ರಿಜಿಸ್ಟರ್ ಅನ್ನೋದೇ ಅಲ್ಲಿಲ್ಲ. ಟೆಕ್ಸಸ್ ಒಂದರಲ್ಲೇ 254 ಕೌಂಟಿ. ಕೌಂಟಿ ಗೊತ್ತಾದರೂ ಆಫೀಸ್ ತಪ್ಪಬಹುದು. ಮದುವೆ ಲೈಸೆನ್ಸ್ ಕೌಂಟಿ ಕ್ಲರ್ಕ್ ಹತ್ತಿರ, ಡಿವೋರ್ಸ್ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ. ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸೇ ಬೇರೆ, ಫ್ಯಾಮಿಲಿ ಕೋರ್ಟೇ ಬೇರೆ, ಅಲ್ವಾ, ಹಾಗೆ.

ಅಷ್ಟು ನನಗೆ ಗೊತ್ತಿತ್ತು. ಅದೇ ಜಂಬ.

ಕ್ಲೈಂಟ್ ಮೊದಲು ಕೊಟ್ಟ ವಿವರಗಳ ಇನ್‌ಟೇಕ್ ಶೀಟಲ್ಲಿ ಆಗಿನ ವಿಳಾಸ ಡಲ್ಲಾಸ್ ಹತ್ತಿರದ ಫ್ರಿಸ್ಕೋ ಅಂತಿತ್ತು. ನಮ್ಮ ಟೂಲ್ ಹೇಗಿದೆ ಅಂದ್ರೆ, ಊರು ಟೈಪ್ ಮಾಡಿದರೆ ಕೌಂಟಿ ತಾನೇ ತುಂಬಿಕೊಳ್ಳುತ್ತೆ. ಒಂದು ಊರಿಗೆ ಒಂದೇ ಕೌಂಟಿ. ಫ್ರಿಸ್ಕೋ ಅಂದ್ರೆ ಕಾಲಿನ್. ಸರಿ, ಕಾಲಿನ್ ಡಿಸ್ಟ್ರಿಕ್ಟ್ ಕ್ಲರ್ಕ್‌ಗೆ ಪತ್ರ, ಜೊತೆಗೆ ಮನಿ ಆರ್ಡರ್, ವಿಳಾಸ ಬರೆದ ವಾಪಸ್ ಕವರ್. ಮೂರು ವಾರ ಕಾದೆ. ರೆಕಾರ್ಡ್ ಇಲ್ಲ ಅಂತ ಬಂತು.

ಕ್ಲೈಂಟ್‌ಗೆ ಫೋನ್ ಮಾಡಿದೆ. "ಅಯ್ಯೋ ಮೇಡಂ, ಡಲ್ಲಾಸ್ ಕೋರ್ಟಲ್ಲೇ ಆಗಿದ್ದು. ನಾನು ಹೋಗಿರಲಿಲ್ಲ, ಅವಳೇ ಹಾಕಿದ್ದು. ಪೇಪರ್ ಬಂತು, ಸಹಿ ಹಾಕಿ ಕಳಿಸಿದೆ" ಅಂದರು. ನಮ್ಮವರಿಗೆ ಆ ಸುತ್ತಿನ ಇಡೀ ಸೀಮೆಯೇ ಡಲ್ಲಾಸ್. ನೆಲಮಂಗಲದವರೂ ಹೊರಗೆ ಹೋದರೆ ಬೆಂಗಳೂರು ಅನ್ನಲ್ವಾ? ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಡಲ್ಲಾಸ್ ಕೌಂಟಿಗೆ ಇನ್ನೊಂದು ಪತ್ರ, ಇನ್ನೊಂದು ಮನಿ ಆರ್ಡರ್. ಅದೂ ಇಲ್ಲ ಅಂತ ವಾಪಸ್ ಬರೋ ಹೊತ್ತಿಗೆ ಕೈಯಲ್ಲಿ ಉಳಿದಿದ್ದು ಒಂದು ವಾರ ಚಿಲ್ಲರೆ. ಟೀಮ್ ಲೀಡ್ ಪ್ರತಿ ಕಾಲ್‌ನಲ್ಲಿ "ವಾಟ್ ಈಸ್ ದ ಇಟಿಎ?", ಯಾವಾಗ ಮುಗಿಯುತ್ತೆ, ಅಂತ ಕೇಳೋದು ಬಿಟ್ಟರೆ ಬೇರೆ ಏನೂ ಹೇಳಲಿಲ್ಲ. ನಾನೂ "ಫಾಲೋ ಅಪ್ ಮಾಡ್ತಿದೀನಿ" ಅಂತ ಶೀಟಲ್ಲಿ ಬಣ್ಣ ಬದಲಿಸುತ್ತಾ ಇದ್ದೆ. ಹಳದಿ, ಆಮೇಲೆ ಕಿತ್ತಳೆ.

ಆ ಶುಕ್ರವಾರ ಮೆಮೋರಿಯಲ್ ಡೇ ಮುಂಚಿನ ಶುಕ್ರವಾರ. ಸೋಮವಾರ ಅಲ್ಲಿ ರಜೆ. ಆರ್‌ಎಫ್‌ಇ ಉತ್ತರ ಬುಧವಾರದೊಳಗೆ ಇಮಿಗ್ರೇಷನ್ ಇಲಾಖೆಯವರ ಕೈಗೆ ತಲುಪಬೇಕು, ಅವತ್ತು ಪೋಸ್ಟ್ ಮಾಡಿದರೆ ಸಾಲದು. ನನ್ನ ಗಡಿಯಾರದಲ್ಲಿ ರಾತ್ರಿ ಎರಡು ನಲವತ್ತು, ಟೆಕ್ಸಸ್‌ನಲ್ಲಿ ಸಂಜೆ ನಾಲ್ಕು ಹತ್ತು. ಫ್ಲೋರ್‌ನಲ್ಲಿ ಅರ್ಧ ಲೈಟ್ ಆರಿಸಿದ್ದರು. ಡಬ್ಬಿಯ ಮೊಸರನ್ನ ಮುಟ್ಟಿರಲಿಲ್ಲ. ಕೊನೇ ಪ್ರಯತ್ನ ಅಂತ ಮತ್ತೆ ಕಾಲಿನ್‌ಗೇ ಫೋನ್ ಹಚ್ಚಿದೆ, ದಯವಿಟ್ಟು ಇನ್ನೊಂದು ಸಲ ಹುಡುಕಿ ಅಂತ ಅಂಗಲಾಚೋಕೆ.

ಫೋನ್ ಎತ್ತಿದ ಹೆಂಗಸು ಸಮಾಧಾನದಿಂದ ಹುಡುಕಿದರು. ಇಲ್ಲ. ಆಮೇಲೆ ಕೇಳಿದರು, ಮನೆ ಫ್ರಿಸ್ಕೋದ ಯಾವ ಕಡೆ? ಫ್ರಿಸ್ಕೋ ಎರಡು ಕೌಂಟಿಯಲ್ಲಿ ಹಂಚಿಹೋಗಿದೆ, ಡೆಂಟನ್ ಕೇಳಿದ್ರಾ?

ನಾನು ಏನೂ ಮಾತಾಡಲಿಲ್ಲ. ಹೆಡ್‌ಸೆಟ್ ತಂತಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದೆ. ಎಪ್ಪತ್ತು ಚಿಲ್ಲರೆ ದಿನದಲ್ಲಿ ಒಂದು ಸಲವೂ ಮ್ಯಾಪ್ ತೆಗೆದು ನೋಡಿರಲಿಲ್ಲ.

ಎರಡು ಐವತ್ತೈದಕ್ಕೆ ಡೆಂಟನ್. ಕಾಸ್ ನಂಬರ್, ಅಂದ್ರೆ ಕೇಸಿನ ನಂಬರ್, ಕೊಡಿ ಅಂದರು. ಇಲ್ಲ. ಲಾಸ್ಟ್ ನೇಮ್? ಕ್ಲೈಂಟ್ ಹೆಸರು ಬದಲಿಸಿ ಹೇಳ್ತೀನಿ, ಮಂಜುನಾಥ್ ಬಸಪ್ಪ ಅಂತಿಟ್ಟುಕೊಳ್ಳಿ. ಬಿ ಆಸ್ ಇನ್ ಬಾಯ್ ಅಂತ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಕೀಬೋರ್ಡ್ ಸದ್ದು ಕೇಳಿಸಿತು. ಬಸಪ್ಪ ಅಂತ ಯಾರೂ ಇಲ್ಲ. ಒಂದು ಪಿ ಹಾಕಿ ನೋಡಿ. ಇಲ್ಲ. ಹೆಂಡತಿ ಹೆಸರು? ಇನ್‌ಟೇಕಲ್ಲಿದ್ದದ್ದು ಆಕೆಯ ಮದುವೆ ಮುಂಚಿನ ಹೆಸರು. ಅದೂ ಇಲ್ಲ.

ಅವರು ಸಾರಿ ಹೇಳಿ ಫೋನ್ ಇಡೋಕೆ ಹೊರಟಿದ್ದರು. ಯಾವ ಪುಣ್ಯಕ್ಕೋ, ಒಂದು ನಿಮಿಷ ಅಂದೆ. ಫೈಲ್ ಸಿಸ್ಟಮಲ್ಲಿ ಆ ವೆರಿಫಿಕೇಷನ್ ಲೆಟರ್ ಹುಡುಕಿದೆ. ಆರ್‌ಎಫ್‌ಇ ಬಂದ ಮೇಲೆ ಅದು ಪ್ರಯೋಜನವಿಲ್ಲದ ಕಾಗದ ಅಂತ ನಾನೇ "ಮಿಸಲೇನಿಯಸ್" ಫೋಲ್ಡರಿಗೆ ತಳ್ಳಿದ್ದೆ. ಪಿಡಿಎಫ್ ತೆರೆಯಿತು, ನಿಧಾನಕ್ಕೆ, ಮೇಲಿಂದ ಕೆಳಕ್ಕೆ. ಗಂಡನ ಹೆಸರು: ಎಫ್‌ಎನ್‌ಯು ಮಂಜುನಾಥ್. ಕೌಂಟಿ: ಡೆಂಟನ್.

ಎರಡೂ ಉತ್ತರ ಮೊದಲ ದಿನದಿಂದ ನನ್ನ ಫೈಲಲ್ಲೇ ಇದ್ದವು.

ಹೆಸರಿನ ಕಥೆ ನಮ್ಮವರಿಗೆ ಹೇಳಬೇಕಿಲ್ಲ. ಹಳೇ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ. ಒಂದೇ ಹೆಸರು ಇದ್ದರೆ ಅಮೆರಿಕದ ವೀಸಾದಲ್ಲಿ ಅದೇ ಸರ್‌ನೇಮ್ ಆಗಿ, ಫಸ್ಟ್ ನೇಮ್ ಜಾಗಕ್ಕೆ ಎಫ್‌ಎನ್‌ಯು, ಅಂದ್ರೆ ಫಸ್ಟ್ ನೇಮ್ ಅನ್‌ನೋನ್, ಬಂದು ಕೂರುತ್ತೆ. ಆ ಮನುಷ್ಯ ಅಲ್ಲಿ ಅಷ್ಟು ವರ್ಷ ಎಫ್‌ಎನ್‌ಯು ಆಗಿಯೇ ಬದುಕಿ, ಡಿವೋರ್ಸೂ ಆಗಿ, ಸಿಟಿಜನ್ ಆಗುವಾಗ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಕೊಂಡಿದ್ದರು. ಕೋರ್ಟಿನ ಇಂಡೆಕ್ಸ್‌ಗೆ ಅದೆಲ್ಲ ಗೊತ್ತಿಲ್ಲ. ಕೇಸ್ ಹಾಕಿದ ದಿನ ಇದ್ದ ಹೆಸರೇ ಅದಕ್ಕೆ ಹೆಸರು.

"ಮಂಜುನಾಥ್ ಅಂತ ಲಾಸ್ಟ್ ನೇಮಲ್ಲಿ ನೋಡಿ" ಅಂದೆ. ಎರಡು ಸೆಕೆಂಡು. ಸಿಕ್ಕಿತು. ಹದಿನಾಲ್ಕು ಪುಟ.

ಆರ್‌ಎಫ್‌ಇಗೆ ಸ್ಪಷ್ಟವಾದ ಕಾಪಿ ಸಾಕಾಗಿತ್ತು. ಸರ್ಟಿಫೈಡ್ ಕಾಪಿ ಮುಂದೆ ಮುಂಬೈ ಇಂಟರ್‌ವ್ಯೂಗೆ ಬೇಕು, ಅದನ್ನು ನಿಧಾನಕ್ಕೆ ಅಂಚೆಯಲ್ಲಿ ತರಿಸಬಹುದು. ದುಡ್ಡು ಕಟ್ಟಿದರೆ ಸ್ಕ್ಯಾನ್ ಮೇಲ್ ಮಾಡ್ತೀವಿ ಅಂತ ಲಿಂಕ್ ಕಳಿಸಿದರು. ಕಂಪನಿ ಕಾರ್ಡ್‌ಗೆ ಮ್ಯಾನೇಜರ್ ಅಪ್ರೂವಲ್ ಬೇಕು. ಮ್ಯಾನೇಜರ್ ಮಲಗಿದ್ದಾರೆ. ನನ್ನ ಕಾರ್ಡ್ ಹಾಕಿದೆ, ಡಿಕ್ಲೈನ್. 2020ರಲ್ಲಿ ಆರ್‌ಬಿಐ ರೂಲ್ ಬಂದ ಮೇಲೆ ಕಾರ್ಡ್ ಹೊರದೇಶದಲ್ಲಿ ನಡೆಯಬೇಕಾದರೆ ನಾವೇ ಆನ್ ಮಾಡಬೇಕಲ್ಲ, ನಾನು ಮಾಡಿರಲಿಲ್ಲ. ಬ್ಯಾಂಕ್ ಆಪ್ ತೆರೆದೆ. ಪಾಸ್‌ವರ್ಡ್ ತಪ್ಪು. ಮತ್ತೆ ತಪ್ಪು. ಇನ್ನೊಂದು ಸಲ ತಪ್ಪಿದರೆ ಲಾಕ್. ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದೆ. ಆನ್ ಆಯಿತು, ದುಡ್ಡು ಹೋಯಿತು. ಮೂರು ಇಪ್ಪತ್ತೆರಡಕ್ಕೆ ಮೇಲ್ ಬಂತು. ಕೊನೇ ಪುಟದಲ್ಲಿ ಜಡ್ಜ್ ಸಹಿ ಇದೆಯಾ ಅಂತ ಮೊದಲು ನೋಡಿದೆ. ಇತ್ತು. ಕ್ಯಾಬ್ ಡ್ರೈವರ್ ಆಗಲೇ ಎರಡು ಸಲ ಫೋನ್ ಮಾಡಿದ್ದ.

ಅಟಾರ್ನಿ ಶನಿವಾರವೇ ಪ್ರಿಂಟ್ ತೆಗೆದು ಕೊರಿಯರ್‌ಗೆ ಕೊಟ್ಟರು. ಮಂಗಳವಾರ ತಲುಪಿತು.

ಈಗ ಯಾವ ಡಿವೋರ್ಸ್ ಕೇಸ್ ಬಂದರೂ ನಾನು ಎಲ್ಲಿ ಮದುವೆ ಆದ್ರಿ ಅಂತ ಕೇಳಲ್ಲ. ಕೇಸ್ ಹಾಕಿದ್ದು ಯಾರು, ಹಾಕೋ ಮುಂಚೆ ಅವರು ಯಾವ ಬೀದಿಯಲ್ಲಿದ್ದರು ಅಂತ ಕೇಳುತ್ತೇನೆ. ಟೆಕ್ಸಸ್‌ನಲ್ಲಿ ಇಬ್ಬರಲ್ಲಿ ಒಬ್ಬರು ಆ ರಾಜ್ಯದಲ್ಲಿ ಆರು ತಿಂಗಳು, ಆ ಕೌಂಟಿಯಲ್ಲಿ 90 ದಿನ ಇದ್ದಿರಬೇಕು, ಆಗಲೇ ಅಲ್ಲಿ ಕೇಸ್ ಹಾಕಬಹುದು. ಡಲ್ಲಾಸ್ ಊರೇ ಐದು ಕೌಂಟಿಗೆ ಚಾಚಿಕೊಂಡಿದೆ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಅಂತೂ ಇನ್ನೂ ತಮಾಷೆ. ಆ ನಗರ 1870ರ ದಶಕದಲ್ಲೇ ಸೇಂಟ್ ಲೂಯಿಸ್ ಕೌಂಟಿಯಿಂದ ಬೇರೆಯಾಗಿದೆ, ಎರಡಕ್ಕೂ ಬೇರೆ ಬೇರೆ ಕೋರ್ಟ್. ಅಂದ ಹಾಗೆ, 1991ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಒಪ್ಪದೇ ಹೋದ ಅಮೆರಿಕದ ಡಿವೋರ್ಸ್ ಒಂದಿದೆ, ಅದು ಇದೇ ಸೇಂಟ್ ಲೂಯಿಸ್ ಕೌಂಟಿ ಕೋರ್ಟಿನದು. ಅಲ್ಲಿನ ಡಿಕ್ರಿ ಇಲ್ಲೂ ನಡೆಯುತ್ತಾ ಅನ್ನೋದು ಬೇರೆ ತಲೆನೋವು, ಅದು ಅಟಾರ್ನಿಗೆ ಬಿಟ್ಟದ್ದು.

ಕ್ಯಾಲಿಫೋರ್ನಿಯಾ ಆದರೆ ರಾಜ್ಯದ ಇಲಾಖೆಗೆ ಬರೆದು ದಿನ ಹಾಳು ಮಾಡಬೇಡಿ. ಅವರ ಹತ್ತಿರ ಇರೋದು 1962ರಿಂದ 1984ರ ಜೂನ್‌ವರೆಗಿನದು ಮಾತ್ರ, ಅದೂ ಡಿಕ್ರಿ ಅಲ್ಲ. ನೇರ ಆ ಕೌಂಟಿಯ ಸುಪೀರಿಯರ್ ಕೋರ್ಟ್. ನ್ಯೂಯಾರ್ಕ್‌ನಲ್ಲಿ ಡಿವೋರ್ಸ್ ಕೊಡೋದು ಸುಪ್ರೀಂ ಕೋರ್ಟ್, ಹೆಸರು ನೋಡಿ ಹೆದರಬೇಡಿ, ಫೈಲ್ ಇರೋದು ಕೌಂಟಿ ಕ್ಲರ್ಕ್ ಹತ್ತಿರ. ಆದರೆ ನೂರು ವರ್ಷದ ತನಕ ಗಂಡ, ಹೆಂಡತಿ, ಅವರ ವಕೀಲರು ಬಿಟ್ಟು ಬೇರೆಯವರಿಗೆ ಸುಮ್ನೆ ತೋರಿಸಲ್ಲ. ಹಾಗಾಗಿ ಅಲ್ಲಿಯದಾದರೆ ಕ್ಲೈಂಟ್ ಹತ್ತಿರ ನೋಟರಿ ಆದ ಒಪ್ಪಿಗೆ ಪತ್ರ ಮೊದಲೇ ತರಿಸಿಟ್ಟುಕೊಳ್ಳುತ್ತೇನೆ.

ಟೂಲ್‌ನಲ್ಲಿ ಕೌಂಟಿ ತಾನೇ ತುಂಬಿಕೊಳ್ಳೋದನ್ನು ತೆಗೆಯಿರಿ ಅಂತ ಟಿಕೆಟ್ ಹಾಕಿದ್ದೆ. "ವರ್ಕಿಂಗ್ ಆಸ್ ಡಿಸೈನ್ಡ್" ಅಂತ ಕ್ಲೋಸ್ ಮಾಡಿದರು. ನಾನು ಕೈಯಿಂದ ಕಟ್ಟಿದ ದುಡ್ಡಿಗೂ ಕ್ಲೇಮ್ ಹಾಕಿದ್ದೆ, ರಸೀದಿ ಲಗತ್ತಿಸಿ. ಎರಡು ತಿಂಗಳ ಮೇಲೆ ಫೈನಾನ್ಸ್‌ನವರು ರಿಜೆಕ್ಟ್ ಮಾಡಿ ಕಳಿಸಿದರು. ಕಾರಣ: ರಸೀದಿಯಲ್ಲಿರುವ ಎಫ್‌ಎನ್‌ಯು ಮಂಜುನಾಥ್ ಅನ್ನುವ ಕ್ಲೈಂಟ್ ನಮ್ಮ ಸಿಸ್ಟಮ್‌ನಲ್ಲಿ ಇಲ್ಲ.